ಕುಂಬಳದ ಹೋಳಿಗೆ

ಮೂರು ಜಟಕಾಗಳು ಒಂದರ ಹಿಂದೊಂದು ಬಂದು ಮನೆ ಮುಂದೆ ನಿಂತಾಗ ಜಯಶೀಲಾ ಹಿಟ್ಟಿನ ಕೈಯಲ್ಲೇ ಕಿಟಕಿಗೆ ಬಂದಳು. ಕುಂಸಿಯ ಬೀಗರು ಏಳೆಂಟು ಜನ ಬರಬಹುದು ಎಂದು ಅತ್ತೆ ಮಹಾಂತಮ್ಮ ಅಂದಾಜು ಹೇಳಿದ್ದರು. ಇಲ್ಲಿ ನೋಡಿದರೆ ಇಳಿಯುವವರು ಇಳಿಯುತ್ತಲೇ ಇದ್ದರು. ಸೊಸೆಯರು, ಮಕ್ಕಳು, ದಾರಿಯಲ್ಲಿ ಜೊತೆಗೂಡಿದ ನೆಂಟರು. ಜಯಶೀಲಾ ತಿರುಗಿ ಹೂರಣದ ಪಾತ್ರೆ ನೋಡಿದಳು. ಇಷ್ಟು ಜನಕ್ಕೆ ಅದು ಅರ್ಧಕ್ಕೂ ಸಾಲದು.

ಅವಳು ಮದುವೆಯಾಗಿ ಭದ್ರಾವತಿಯ ಈ ಕ್ವಾರ್ಟರ್ಸಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಂದು ನಾದಿನಿ ದಾಕ್ಷಾಯಣಿಯ ಮಗುವಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಎರಡನೆಯದೂ ಹೆಣ್ಣೇ ಎಂದು ತಿಳಿದ ಮೇಲೆ ದಾಕ್ಷಾಯಣಿಯ ಅತ್ತೆ ಸುಭದ್ರಮ್ಮ ಇತ್ತ ತಲೆಯನ್ನೇ ಹಾಕಿರಲಿಲ್ಲ. ಬಾಣಂತಿ ಗೋಡೆಗೆ ಮುಖ ಮಾಡಿ ಅತ್ತದ್ದನ್ನು ಜಯಶೀಲಾ ನೋಡಿದ್ದಳು. ಈಗ ಊಟ ಸಾಲದೆ ಹೋದರೆ, ಹೆಣ್ಣು ಮಗುವೆಂದು ತವರಿನವರೇ ಕೈ ಬಿಗಿ ಹಿಡಿದರು ಎಂಬ ಮಾತು ಇದೇ ಸಂಜೆಯ ರೈಲು ಹತ್ತಿ ಕುಂಸಿ ಸೇರುತ್ತದೆ. ಅದನ್ನು ಕೇಳಿಕೊಂಡು ಬಾಳಬೇಕಾದವಳು ದಾಕ್ಷಾಯಣಿ.

ಗಂಡ ಮುರುಗೇಶಪ್ಪ ಸೈಕಲ್ಲೇರಿ ಅಂಗಡಿಗಳನ್ನು ಸುತ್ತಿ ಬರಿಗೈಯಲ್ಲಿ ಬಂದ. ಕಾರ್ಡಿದ್ದವರಿಗೂ ಅಳೆದು ಸುರಿದು ಅಕ್ಕಿ ಕೊಡುತ್ತಿದ್ದ ವರ್ಷ ಅದು. ತೊಗರಿಬೇಳೆಯಂತೂ ಯಾವ ಅಂಗಡಿಯಲ್ಲೂ ಇರಲಿಲ್ಲ. ಮಹಾಂತಮ್ಮ ನಡುಮನೆಯಲ್ಲಿ ಬೀಗಿತ್ತಿಯ ಕಾಲಿಗೆ ನೀರು ಕೊಡುತ್ತಿದ್ದರು. ಅವರನ್ನು ಒಳಗೆ ಕರೆದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಜಯಶೀಲಾ ಹಿತ್ತಿಲ ಬಾಗಿಲು ತೆಗೆದು ಬೇಲಿಯ ಹತ್ತಿರ ಹೋದಳು.

ಬೇಲಿಯಾಚೆ ಲಾರಿ ಡ್ರೈವರ್ ಲತೀಫನ ಹೆಂಡತಿ ಅಖ್ತರ್ ಬೀ ಪಾತ್ರೆ ಬೆಳಗುತ್ತಿದ್ದಳು. ಜಯಶೀಲಾ ತಗ್ಗಿದ ದನಿಯಲ್ಲಿ ವಿಷಯ ಹೇಳಿ, ತರಕಾರಿ ಏನಾದರೂ ಇದ್ದರೆ ಕೊಡಿ ಎಂದಳು. ಆಕೆ ಬೂದಿ ಕೈ ತೊಳೆದುಕೊಂಡು, ಸ್ನಾನದ ಕೋಣೆಯ ಹೆಂಚಿನ ಮೇಲೆ ಹಬ್ಬಿದ್ದ ಬಳ್ಳಿಯಿಂದ ಚೆನ್ನಾಗಿ ಬಲಿತ ಸಿಹಿಗುಂಬಳವೊಂದನ್ನು ಕೊಯ್ದು ಬೇಲಿಯ ಮೇಲಿಂದ ದಾಟಿಸಿದಳು. ಹಿಂದೆಯೇ ಒಂದು ಡಬ್ಬಿ ಹುರಿಗಡಲೆಯೂ ಬಂತು.

“ಇದನ್ನ ಪುಡಿ ಮಾಡಿ ಹಾಕಮ್ಮಾ,” ಎಂದಳು. “ಕುಂಬಳ ನೀರು ಬಿಡ್ತದೆ. ಇದು ಹಿಡ್ಕೊಳ್ತದೆ.”

ಅಲ್ಲಿಂದ ಮುಂದೆ ಜಯಶೀಲಾಳಿಗೆ ಹೆದರಲೂ ಪುರುಸೊತ್ತಿರಲಿಲ್ಲ. ಕುಂಬಳ ತುರಿದು ಬೆಲ್ಲದ ಜೊತೆ ಮರದ ಹೊಟ್ಟು ತುಂಬಿದ ಒಲೆಯ ಮೇಲಿಟ್ಟು, ನೀರು ಇಂಗುವವರೆಗೆ ಬಿಡದೆ ಕೈಯಾಡಿಸಿದಳು. ಹುರಿಗಡಲೆ ಪುಡಿ ಉದುರಿಸಿ, ಬೇಳೆಯ ಹೂರಣಕ್ಕೆ ಬೆರೆಸಿ, ಏಲಕ್ಕಿ ಕುಟ್ಟಿ ಹಾಕಿದಳು. ಅನ್ನ ಸಾಲದ್ದಕ್ಕೆ ಡಬ್ಬಿಯಲ್ಲಿದ್ದ ಅವಲಕ್ಕಿಯನ್ನೆಲ್ಲ ತೊಳೆದು, ಹುಣಸೆ ಬೆಲ್ಲದ ಗೊಜ್ಜು ಕಲಸಿ, ಮೇಲೆ ಶೇಂಗಾ ಒಗ್ಗರಣೆ ಕೊಟ್ಟಳು. ಬೇಳೆ ಕಟ್ಟಿನ ಸಾರು ತೆಳ್ಳಗಾಗದಂತೆ ಅದಕ್ಕೆ ಒಂದು ಹಿಡಿ ಕೊಬ್ಬರಿ ಅರೆದು ಬಿಟ್ಟಳು. ಹೋಳಿಗೆ ಕಾವಲಿಯ ಮೇಲೆ ಉಬ್ಬಿತು. ಆದರೆ ಬಣ್ಣ ಮಾತ್ರ ಮುಚ್ಚಿಡುವಂಥದ್ದಾಗಿರಲಿಲ್ಲ. ಸೇವಂತಿಗೆ ಹೂವಿನ ಹಳದಿ.

ಪಂಕ್ತಿ ಕೂತಿತು. ಸುಭದ್ರಮ್ಮ ಹೋಳಿಗೆ ಮುರಿದು ಒಳಗೆ ನೋಡಿದರು. ಬಾಯಿಗಿಟ್ಟು ನಿಧಾನವಾಗಿ ಅಗಿದರು.

“ಇದು ಬೇಳೆ ಹೋಳಿಗೆ ಅಲ್ಲ,” ಎಂದರು.

ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಜಯಶೀಲಾ ಅತ್ತೆಯ ಮುಖ ನೋಡಿದಳು. ಮಹಾಂತಮ್ಮನಿಗೂ ಇದು ಹೊಸ ಸುದ್ದಿಯೇ. ಅವರು ಹೋಳಿಗೆಯ ಹಳದಿಯನ್ನು ನೋಡಿದರು, ತೆರೆದಿದ್ದ ಹಿತ್ತಿಲ ಬಾಗಿಲಾಚೆ ಅಖ್ತರ್ ಬೀಯ ಕುಂಬಳದ ಬಳ್ಳಿಯನ್ನು ನೋಡಿದರು, ಸೊಸೆಯ ಕೆನ್ನೆಗೆ ಅಂಟಿದ್ದ ಹಿಟ್ಟನ್ನು ನೋಡಿದರು, ಸಾಲಿನ ಕೊನೆಯವರೆಗೂ ಕೂತ ಜನರನ್ನು ನೋಡಿದರು.

“ಹೆಣ್ಣು ಮಗೂನ ತೊಟ್ಟಿಲಿಗೆ ಹಾಕೋ ದಿನ ನಮ್ಮ ಮನೇಲಿ ಕುಂಬಳದ ಹೋಳಿಗೇನೇ ಮಾಡೋದು ಬೀಗಿತ್ತಿ,” ಎಂದರು. “ಕುಂಬಳದ ಬಳ್ಳಿ ಹಾಗೆ ವಂಶ ಹಬ್ಬಲಿ ಅಂತ. ಕಾಯಿ ಪಕ್ಕದ ಮನೆ ಅಖ್ತರ್ ಬೀ ಕೊಟ್ಟಿದ್ದು. ಅವಳ ಬಳ್ಳಿ ಒಳ್ಳೇ ಬಳ್ಳಿ.”

ಸುಭದ್ರಮ್ಮ ಉಳಿದ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡರು. ಅದು ಮುಗಿದ ಮೇಲೆ ಇನ್ನೊಂದು ಬಡಿಸಲು ಹೇಳಿದರು. ಮಕ್ಕಳು ಅವಲಕ್ಕಿಗೆ ಮುಗಿಬಿದ್ದರು. ಎಲ್ಲರಿಗೂ ಸಾಲಿತು. ಊಟವಾದ ಮೇಲೆ ಸುಭದ್ರಮ್ಮ ಕೈ ತೊಳೆದು ಸೀದಾ ಬಾಣಂತಿ ಕೋಣೆಗೆ ಹೋದರು. ಮಗುವನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು, ಮೂಗು ನಮ್ಮ ಕಡೇದು ಎಂದು ಅಲ್ಲಿದ್ದ ಹೆಂಗಸರಿಗೆ ತೋರಿಸಿದರು. ದಾಕ್ಷಾಯಣಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಬಾಗಿಲಲ್ಲಿ ನಿಂತ ಜಯಶೀಲಾಳಿಗೆ ಕಂಡಿತು.

ಜಟಕಾಗಳು ಸ್ಟೇಷನ್ನಿನ ದಾರಿ ಹಿಡಿದ ಮೇಲೆ ಅತ್ತೆ ಸೊಸೆ ಅಡುಗೆಮನೆಯಲ್ಲಿ ಎದುರುಬದುರು ಊಟಕ್ಕೆ ಕೂತರು. ಅದಕ್ಕೆ ಮೊದಲೇ ಮಹಾಂತಮ್ಮ ಬಿಸಿ ಹೋಳಿಗೆಗಳನ್ನು ಬಾಳೆಲೆಯಲ್ಲಿ ಸುತ್ತಿ, ಬೇಲಿಯ ತನಕ ತಾವೇ ಹೋಗಿ ಅಖ್ತರ್ ಬೀಯ ಕೈಗೆ ಕೊಟ್ಟು ಬಂದಿದ್ದರು. ಜಯಶೀಲಾ ತುತ್ತು ಕಲಸುತ್ತಾ ಕೂತಳು. ಅತ್ತೆಗೆ ಕೃತಜ್ಞತೆ ಹೇಳಬೇಕೆಂದಿದ್ದಳು. ಕೊನೆಗೆ ಬೇರೆಯೇ ಕೇಳಿದಳು.

“ಅತ್ತೆ, ಕುಂಬಳದ ಹೋಳಿಗೆ ಮಾಡೋ ಪದ್ಧತಿ ನಿಜವಾಗ್ಲೂ ನಮ್ಮ ಮನೇಲಿ ಇದೆಯಾ?”

ಮಹಾಂತಮ್ಮ ಪಾತ್ರೆಯಲ್ಲಿ ಉಳಿದಿದ್ದ ಒಂದೇ ಒಂದು ಹೋಳಿಗೆಯನ್ನು ಸೊಸೆಯ ಎಲೆಗೆ ಹಾಕಿದರು.

“ಇವತ್ತು ನೀನು ಮಾಡಿದ್ಯಲ್ಲ ಮಾರಾಯ್ತಿ, ಇನ್ನು ಇರುತ್ತೆ.”