ಹಲಸಿನ ಚೀಲ

ಈಗಲೂ ಹಲಸಿನ ಹಣ್ಣಿನ ವಾಸನೆ ಬಂದರೆ ನನ್ನ ಕೈ ಹೆಗಲ ಚೀಲದ ಬಾಯಿಯನ್ನು ತಾನಾಗಿ ಬಿಗಿಹಿಡಿಯುತ್ತದೆ.

ಕಡಲು ತೋರಿಸುತ್ತೇನೆಂದು ಟೀಚರು ಶಾಲೆಯ ಕಬಡ್ಡಿ ತಂಡದ ಹುಡುಗಿಯರಾದ ನಮ್ಮನ್ನೆಲ್ಲ ವ್ಯಾನಿನಲ್ಲಿ ಎಚ್.ಡಿ. ಕೋಟೆಯಿಂದ ಕೇರಳಕ್ಕೆ ಹೊರಡಿಸಿದ್ದರು. "ಕಾಡ್ ದಾಟೋಗಂಟ ಅಣ್ಣು ಗಿಣ್ಣು ಬ್ಯಾಡ ಕಣ್ರವ್ವಾ" ಎಂದು ಮೊದಲೇ ಹೇಳಿದ್ದರು. ಅಜ್ಜಿ ಕಟ್ಟಿಕೊಟ್ಟ ಹಲಸಿನ ತೊಳೆಗಳ ಚೀಲವನ್ನು ನಾನು ಸೀಟಿನಡಿ ಬಚ್ಚಿಟ್ಟಿದ್ದೆ.

ಮಧ್ಯಾಹ್ನ ಕಾಡಿನ ನಡುವೆ ಒಂಟಿ ಆನೆ ವ್ಯಾನಿಗೆ ಅಡ್ಡ ಬಂತು. ನನ್ನ ಕಿಟಕಿಯ ಗಾಜಿನ ಮೇಲೆಯೇ ಸೊಂಡಿಲಾಡಿಸಿತು. ಗಾಜಿಗೆಲ್ಲ ಮಣ್ಣು, ಜೊಲ್ಲು. ಎದುರಿನಿಂದ ಲಾರಿಯ ಸದ್ದು ಕೇಳಿದ ಮೇಲಷ್ಟೇ ಅದು ಕಾಡಿಗೆ ಸರಿಯಿತು.

ಡ್ರೈವರ್ ಮೂಗರಳಿಸಿ ಹಿಂದಕ್ಕೆ ತಿರುಗಿದ. "ಅಲಸಿನಣ್ಣು ತಂದೋರ್ ಯಾರವ್ವಾ? ಅವರ್ನ ಇಲ್ಲೇ ಇಳ್ಸಿ ಒಂಟೋಯ್ತೀನಿ!"

ನಾನು ಚೀಲವನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದೆ. ಪಕ್ಕದಲ್ಲಿದ್ದ ಟೀಚರು ಬಗ್ಗಿ ಚೀಲ ಎತ್ತಿಕೊಂಡರು.

"ನಂದೇ ಕಣಪ್ಪ. ಮರ್ತು ತಂದ್ಬುಟ್ಟೆ."

ಕಾಡು ದಾಟುವವರೆಗೂ ಅವರು ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಿದ್ದರು.