ಶುಕ್ರವಾರದ ಬೈಗುಳ

ಕರೆಗಂಟೆ ಸದ್ದಾಗುವ ಮೊದಲೇ ನಾಯಿ ಎದ್ದು ಕಿವಿ ನಿಮಿರಿಸಿತು. ಎಸ್ತರ್ ಮಗಳನ್ನು ಕೂಗಿದಳು.

"ಜೋಯ್ಲಿನ್, ಬರ್ಕ್‌ನನ್ನು ಒಳಗೆ ಕರ್ಕೊಂಡು ಹೋಗು. ಗಟ್ಟಿ ಹಿಡ್ಕೋ. ಓಡ್ಲಿಕ್ಕೆ ಬಿಡಬೇಡ, ಗೊತ್ತಾಯ್ತಲ್ಲ?"

ಶುಕ್ರವಾರ. ಅಝೀಝ್ ಬಂದಿದ್ದರು.

ಅಝೀಝ್ ಅಂದರೆ ಗಂಡ ಆಂತೋನಿಯ ಅರಬಾಬ್, ಯಜಮಾನರು. ಬಹರೈನಿನ ಟುಬ್ಲಿಯಲ್ಲಿ ಅವನು ದುಡಿಯುವ ಗ್ಯಾರೇಜು ಅವರದು, ಅದರ ಮೇಲಿನ ಈ ಮನೆ ಅವರದು, ಆಂತೋನಿಯ ವೀಸಾ ಇರುವುದೂ ಅವರ ಹೆಸರಿನಲ್ಲೇ. ಬರ್ಕ್ ಕೂಡ ಒಂದು ಕಾಲಕ್ಕೆ ಅವರದೇ. ಮರುಭೂಮಿಯ ಓಟಗಳಲ್ಲಿ ಗಾಳಿಯನ್ನೇ ಹಿಂದೆ ಹಾಕಿದ ಸಲೂಕಿ ಜಾತಿಯ ನಾಯಿ. ಹಿಂಗಾಲು ಮುರಿಯಿತು, ಓಟ ಮುಗಿಯಿತು.

ಹೋದ ಮನೆಯಲ್ಲಿ ಕಂಡದ್ದನ್ನೆಲ್ಲ ಹೊಗಳುವುದು ಆಂತೋನಿಯ ಹುಟ್ಟುಗುಣ. ಹೊಗಳದೆ ಎದ್ದು ಬಂದರೆ ಉಂಡ ಮನೆಗೆ ಅವಮಾನ ಎಂದು ಅವನ ತಾಯಿ ಕಲಿಸಿದ್ದು. ಈದ್ ಹಬ್ಬಕ್ಕೆ ಅಝೀಝ್‌ರ ಮನೆಗೆ ಹೋದವನು ಖರ್ಜೂರವನ್ನು ಹೊಗಳಿದ, ಕಾಫಿಯ ಹೂಜಿಯನ್ನು ಹೊಗಳಿದ, ಮೂಲೆಯಲ್ಲಿ ಕುಂಟುತ್ತಿದ್ದ ನಾಯಿಯನ್ನೂ ಬಿಡಲಿಲ್ಲ. "ಎಂಥ ಚಂದದ ನಾಯಿ! ಇಂಥದ್ದನ್ನು ನಾನು ಕಂಡದ್ದೇ ಇಲ್ಲ" ಎಂದ. ಮರುದಿನ ಬೆಳಿಗ್ಗೆ ಡ್ರೈವರ್ ಸುಲೈಮಾನ್ ಬಾಗಿಲಲ್ಲಿ ನಿಂತಿದ್ದ. ತೋಳಲ್ಲಿ ಖರ್ಜೂರದ ಚೀಲ, ಕೈಯಲ್ಲಿ ಹಿತ್ತಾಳೆಯ ಹೂಜಿ, ಪಕ್ಕದಲ್ಲಿ ನಾಯಿ.

"ಕುಂಟು ನಾಯಿಯನ್ನು ನಮ್ಮ ತಲೆಗೆ ಕಟ್ಟಿದ್ರು ಮಾರಾಯ್ತಿ. ಬೇಡ ಅನ್ಬಾರ್ದು ಅಂತ ಮೇಲಿಂದ ಖರ್ಜೂರದ ಲಂಚ ಬೇರೆ!" ಎಂದು ಆಂತೋನಿ ಹಣೆ ಚಚ್ಚಿಕೊಂಡಿದ್ದ.

ಓಟದ ನಾಯಿಗೆ ಮನೆಯೆಂದರೇನೆಂದೇ ತಿಳಿಯದು. ಕನ್ನಡಿಗೆ ಹೆದರುತ್ತಿತ್ತು. ಮೆಟ್ಟಿಲು ಕಂಡರೆ ಗಡಗಡ ನಡುಗುತ್ತಿತ್ತು. ಜೋಯ್ಲಿನ್ ಮೆಟ್ಟಿಲಿಗೊಂದು ಬಿಸ್ಕತ್ತಿಟ್ಟು, ಮುದ್ದು ಮಾಡಿ, ಹತ್ತಲು ಕಲಿಸಿದಳು. ಕಳೆದ ವರ್ಷ ಯುದ್ಧದ ಸೈರನ್ ಕೇಳಿದಂದಿನಿಂದ ನಿದ್ದೆಯಲ್ಲಿ ಚೀರಿ ಏಳುತ್ತಿದ್ದ ಆರು ವರ್ಷದ ಮಗು ಅದು. ನಾಯಿಯ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದೇ ತಡ, ಚೀರಾಟ ನಿಂತಿತು. ಎಸ್ತರ್‌ಗೆ ಈಗ ಅದು ನಾಯಿಯಲ್ಲ, ಮಗಳ ನಿದ್ದೆ.

ಅದನ್ನು ಕಿತ್ತುಕೊಳ್ಳಲಿಕ್ಕೇ ಈ ಮನುಷ್ಯ ವಾರ ವಾರ ಬರುವುದು ಎಂದು ಅವಳ ಗುಮಾನಿ. ಮೊಣಕಾಲು ನೋವಿದ್ದರೂ ಎರಡು ಮಾಳಿಗೆ ಹತ್ತಿ ಬರುತ್ತಿದ್ದರು. ಬಂದರೆ ನಾಯಿಯನ್ನು ಮುಟ್ಟುವುದೂ ಇಲ್ಲ, ಬರೀ ಕೊಂಕು. ಎಲುಬಿನ ಗೂಡು. ಸೋಮಾರಿ. ಮೂಗು ನೋಡು, ಒಂಟೆಗೂ ಬೇಡ. ಆಮೇಲೆ ಮುರುಕು ಹಿಂದಿಯಲ್ಲಿ ತನಿಖೆ: ಏನು ತಿನ್ನುತ್ತದೆ? ಬರೀ ನೆಲದಲ್ಲಿ ಮಲಗುತ್ತದೆಯೇ? ಒಮ್ಮೆ ದಪ್ಪ ಕಂಬಳಿಯೊಂದನ್ನು ತಂದೆಸೆದು, "ಹೇಗೂ ಬಿಸಾಡುವುದಿತ್ತು" ಎಂದಿದ್ದರು.

"ತಪ್ಪು ಹುಡುಕ್ತಾರೆ. ವಾಪಸ್ ಕೊಂಡ್ಹೋಗ್ಲಿಕ್ಕೆ ಒಂದು ನೆಪ ಬೇಕಲ್ಲ," ಎಂದು ಎಸ್ತರ್ ಗಂಡನಲ್ಲಿ ಹೇಳಿದ್ದಳು.

"ನೀನು ಸುಮ್ಮನಿರು. ಎದುರು ಮಾತಾಡಿದ್ರೆ ನಾವು ಮೂವರೂ ವಿಮಾನದಲ್ಲಿ, ನಾಯಿ ಮಾತ್ರ ಬಹರೈನಿನಲ್ಲಿ!"

ಈಗ ಚಳಿಗಾಲ ಹತ್ತಿರವಾಗಿತ್ತು. ಓಟಗಳು ಶುರುವಾಗುವ ಕಾಲ. ಬರ್ಕ್‌ನ ಕಾಲು ಪೂರ್ತಿ ಗುಣವಾಗಿತ್ತು. ಅದೊಂದನ್ನು ಮಾತ್ರ ಎಸ್ತರ್ ಕೆಂಡವನ್ನು ಸೆರಗಲ್ಲಿ ಕಟ್ಟಿಕೊಂಡ ಹಾಗೆ ಮುಚ್ಚಿಟ್ಟಿದ್ದಳು.

ಇಲ್ಲಿ ವಾರದ ರಜೆ ಶುಕ್ರವಾರ; ಆಂತೋನಿ ಪೂಜೆಗೆಂದು ಚರ್ಚಿಗೆ ಹೋಗಿದ್ದ. ಅವಳೇ ಬಾಗಿಲು ತೆರೆದಳು. ಅಝೀಝ್ ಕೂತರು. ಸುಲೈಮಾನ್ ಹೊಸ್ತಿಲಲ್ಲೇ ನಿಂತ.

"ಎಲ್ಲಿ ಆ ಸೋಮಾರಿ?"

ದನಿ ಕೇಳಿದ್ದೇ ಬರ್ಕ್ ಮಗುವಿನ ಹಿಡಿತ ಬಿಡಿಸಿಕೊಂಡಿತು. ಬಾಣದಂತೆ ಬಂದು ಅಝೀಝ್‌ರ ತೊಡೆಯ ಮೇಲೆ ತಲೆಯಿಟ್ಟಿತು. ಕುಂಟಲಿಲ್ಲ.

"ಓಡುತ್ತಾನೆ," ಎಂದರು ಅಝೀಝ್, ಮೆಲ್ಲಗೆ.

ಜೋಯ್ಲಿನ್ ಹಿಂದೆಯೇ ಬಂದು ನಾಯಿಯ ಕುತ್ತಿಗೆ ತಬ್ಬಿ ಬಿಕ್ಕಿದಳು. ಎಸ್ತರ್‌ಳ ತಾಳ್ಮೆಯ ಕಟ್ಟೆ ಒಡೆಯಿತು. ತನಗೆ ಬರುವ ಹಿಂದಿಯಲ್ಲೇ ಕೂಗಿದಳು:

"ಹೌದು, ಓಡುತ್ತಾನೆ! ಅದಕ್ಕೇ ಅಲ್ವಾ ನೀವು ಬರುವುದು? ಬೈದದ್ದು ಸಾಕು. ಒಂದೇ ಒಂದು ಒಳ್ಳೆ ಮಾತು ಹೇಳಿ, ಆಮೇಲೆ ಕರ್ಕೊಂಡು ಹೋಗಿ!"

ಅಝೀಝ್‌ರ ಕೈ ನಾಯಿಯ ತಲೆಯ ಮೇಲಕ್ಕೆ ಬಂದು ಗಾಳಿಯಲ್ಲೇ ನಿಂತಿತು. ಏನೋ ಹೇಳಲು ಬಾಯಿ ತೆರೆದರು. ಮಗುವನ್ನು ನೋಡಿದರು. ಕೈ ಹಿಂದಕ್ಕೆ ಸರಿಯಿತು.

"ಕೆಟ್ಟ ನಾಯಿ. ಇದಕ್ಕಿಂತ ಕೆಟ್ಟದ್ದು ಈ ದ್ವೀಪದಲ್ಲೇ ಇಲ್ಲ," ಎಂದವರೇ ಎದ್ದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಉಳ್ಳಾಲದ ಸುಲೈಮಾನ್ ಮಾತ್ರ ಕದಲಲಿಲ್ಲ. "ಎಂಥ ಮಾತು ಕೇಳಿದ್ರಿ ಎಸ್ತರ್ ಬಾಯಿ! ಇವರ ಪದ್ಧತಿ ನಿಮಗೆ ಗೊತ್ತಿಲ್ವಾ? ಬಂದ ನೆಂಟರು ಯಾವುದನ್ನು ಹೊಗಳ್ತಾರೋ ಅದನ್ನು ಮನೆಯವರು ಕೊಟ್ಟೇ ಬಿಡ್ಬೇಕು. ನಿಮ್ಮ ಆಂತೋನಿ ಪೊರ್ಬುಗಳು ಹೊಗಳಿ ಬಂದ ದಿನ ಅರಬಾಬ್ ಅನ್ನ ಮುಟ್ಲಿಲ್ಲ. ಮರಿಯಿಂದ ಕೈತುತ್ತು ಕೊಟ್ಟು ಸಾಕಿದ ನಾಯಿ ಅದು."

"ಮತ್ತೆ ಇಲ್ಲಿ ಬಂದು ಬೈಯುವುದು ಎಂತಕ್ಕೆ?"

"ಇಲ್ಲಿ ನೆಂಟರು ಅವರಲ್ವಾ, ಬಾಯಿ? ಚಂದ ಉಂಟು ಅಂತ ಒಂದು ಮಾತು ಹೇಳಿದ್ರೆ ಸಾಕು, ನೀವು ಕೊಡ್ಬೇಕಾಗ್ತದೆ."