ಸಿಡಿಲಣ್ಣ ಎದ್ದು ಆಕಳಿಸಿದ

'ಸಿಡಿಲಣ್ಣ' ಕಾಮಿಕ್ಸ್‌ನಲ್ಲಿ ಬಂದದ್ದೆಲ್ಲ ನಮ್ಮೂರಲ್ಲಿ ನಿಜವಾಗುತ್ತದೆ. ಅದಕ್ಕೇ ಶುಕ್ರವಾರ ಹೊಸ ಸಂಚಿಕೆ ಓದದೆ ಯಾರೂ ಒಲೆಯ ಮೇಲೆ ಅನ್ನಕ್ಕಿಡುವುದಿಲ್ಲ. ಊಟಕ್ಕೆ ಯಾರು ಉಳಿದಿರುತ್ತಾರೆ ಎಂದು ಮೊದಲು ಗೊತ್ತಾಗಬೇಕಲ್ಲ.

ಹೋದ ಮಳೆಗಾಲದಲ್ಲಿ ಸೇತುವೆ ಕುಸಿದಾಗ, ಹೊಳೆಗೆ ಬಿದ್ದ ನನ್ನ ಗಂಡನನ್ನು ಎತ್ತಿಕೊಂಡು ಹಾರಿ ಬಂದು ಮನೆ ಬಾಗಿಲಲ್ಲಿ ನಿಲ್ಲಿಸಿದವನು ಸಿಡಿಲಣ್ಣನೇ. ಇವತ್ತು ಕೊನೆಯ ಸಂಚಿಕೆ ಬಂತು. ಕೊನೆಯ ಪುಟದಲ್ಲಿ ಅವನು ಹಾಸಿಗೆಯಿಂದ ಎದ್ದು ಆಕಳಿಸಿ, "ಓ, ಇದೆಲ್ಲ ಕನಸಾ" ಅನ್ನುತ್ತಾನೆ. ತಲೆಯೆತ್ತಿ ನೋಡಿದೆ. ಎದುರಿಗೆ ಹಲ್ಲುಜ್ಜುತ್ತಿದ್ದ ಗಂಡ ಇರಲಿಲ್ಲ. ನೊರೆ ಮೆತ್ತಿದ್ದ ಬ್ರಷ್ ನೆಲದ ಮೇಲೆ ಬಿದ್ದಿತ್ತು.

ಕಾಮಿಕ್ಸ್‌ನ ಕಥೆ ಬರೆಯುವ ಶ್ರೀಕಂಠಯ್ಯನವರ ಮನೆಗೆ ನೆಟ್ಟಗೆ ಹೋದೆ. ಆರಾಮಾಗಿ ಕಾಫಿ ಕುಡಿಯುತ್ತಿದ್ದರು.

"ಏನ್ ಸ್ವಾಮಿ, ಇಷ್ಟು ವರ್ಷ ಓದಿಸಿ ಈಗ ಕನಸು ಅಂತೀರಲ್ಲ, ನಾಚಿಕೆ ಆಗಲ್ವಾ?"

"ಪತ್ರಿಕೆ ಮಾಲೀಕರು ಒಂದೇ ಪುಟದಲ್ಲಿ ಮುಗಿಸಿ ಅಂದ್ರಮ್ಮ. ಬೇರೆ ಏನೂ ಹೊಳೀಲಿಲ್ಲ."

"ಹೊಳೆಯಿಂದ ಎತ್ತಿದ್ದೂ ಕನಸಾಗಿ, ಅದೇ ಪುಟಕ್ಕೆ ನಮ್ಮ ಯಜಮಾನ್ರು ಹೋದ್ರು. ಅದೂ ಹೊಳೀಲಿಲ್ವಾ?"

ನಾನು ಕಾಫಿ ಲೋಟ ಸರಿಸಿ ಪೆನ್ನು ಅವರ ಕೈಗಿಟ್ಟೆ.

"ಸಿಡಿಲಣ್ಣ ಎದ್ದಿದ್ದೇ ಕನಸು ಅಂತ ಬರೀರಿ."

"ಅಷ್ಟು ಕೆಟ್ಟದಾಗಿ ಮುಗಿಸಿದ್ರೆ ಓದೋರು ಬೈತಾರಮ್ಮ."

"ಬೈಸ್ಕೊಳ್ಳಿ. ನಿಮ್ಮ ಸಂಚಿಕೆ ಓದಿದ ಮೇಲೂ ನಾನು ಇಬ್ಬರಿಗೇ ಅಕ್ಕಿ ಹಾಕಿ ಬಂದಿದೀನಿ. ಅನ್ನ ಆಗೋದ್ರೊಳಗೆ ಬರೀರಿ."